ನಾಪಾಸಾದ ತೋಟಾಗಳು

ಬಂದೂಕಿನ ತೋಟಾ ಅಂದರೇನು ಮಹಾ? ಒಂದು ಖೋಲು, ಒಳಗೆ ಒಂದಿಷ್ಟು ಮದ್ದು, ಒಂದಿಷ್ಟು ಚರೆ. ನಿಜಾಮರ ರಾಜ್ಯವೇ ಮುಗಿದುಹೋಗಿರುವಾಗ ಇಷ್ಟಕ್ಕೆ ಅಂಗಡಿಯವನ ಕಾಲು ಹಿಡಿಯಬೇಕೆ?

ಕಾರ್ಖಾನೆಯವರು ನಾಪಾಸು ಮಾಡಿದ ತೋಟಾಗಳ ಚೀಲವೊಂದು ವಾಡಿಯ ಗುಜರಿಯವನ ಬಳಿ ಸಿಕ್ಕಿತು. "ಖೋಲು ಸೊಟ್ಟ ಅದಾವ್ರಿ ಸಾಹೇಬ್ರ, ಒಳಗಿನ ಮಾಲು ಏಕದಂ ಅಸಲಿ" ಎಂದ. ನನ್ನ ಬಗ್ಗೆಯೂ ನನಗೆ ಇದೇ ಅಭಿಪ್ರಾಯ. ತಂದುಬಿಟ್ಟೆ!

ಕುಂಚಾವರಂ ಕಾಡಿನ ಅಂಚಿಗೆ ನಮ್ಮ ಶೇಂಗಾ ಹೊಲ. ಸಂಜೆಯಾದರೆ ಕಾಡುಹಂದಿಗಳ ಪಂಕ್ತಿಭೋಜನ. ಬಂದೂಕು ಕೊಟ್ಟ ಸೇಡಂನ ಮಾವನವರೇ ಪರೀಕ್ಷೆಗೆ ಬಂದು ಕೂತಿದ್ದರು.

"ಅಳಿಯಾ ಸಾಹೇಬ್ರ, ಇವತ್ತ ಹಂದಿ ಓಡಿಸಿ ತೋರಿಸ್ರಿ. ಆಗಂಗಿಲ್ಲಂದ್ರ ಬಂದೂಕು ಸಣ್ಣ ಅಳಿಯಗ ಕೊಡ್ತೀನಿ."

ಸಣ್ಣ ಅಳಿಯ! ಪಟಾಕಿ ಸದ್ದಿಗೆ ಕಂಬಳಿ ಹೊದೆಯುವ ನನ್ನ ಷಡ್ಡಕ! ಪ್ರಾಣ ಹೋದರೂ ಸರಿ, ಬಂದೂಕು ಅವನಿಗೆ ಹೋಗಕೂಡದು.

ಪಡಸಾಲೆಯಲ್ಲಿ ಕೂತು ತೋಟಾಗಳ ಹೊಟ್ಟೆ ಬಿಚ್ಚಿದೆ. ಚರೆಗಳು ಮನೆ ತುಂಬ ಉರುಳಿದವು. ಮಾವನವರು ಅವುಗಳ ಮೇಲೆ ಕಾಲಿಟ್ಟು, ಶಿವನನ್ನು ಕರೆಯುತ್ತ ಕಂಬ ಅಪ್ಪಿಕೊಂಡರು. ಮದ್ದು ತೇವವಾಗಿತ್ತು. ಅಂಗಳದ ಶಹಾಬಾದ ಫರ್ಸಿಕಲ್ಲಿನ ಮೇಲೆ ಒಣಹಾಕಿ ಮಲಗಿದೆ.

ಎದ್ದು ನೋಡಿದರೆ ಕರ್ರಗೆ ಒಣಗಿ, ಮೊದಲಿಗಿಂತ ಹೆಚ್ಚೇ ಆಗಿತ್ತು. ಬಿಸಿಲಿಗೆ ಅರಳಿದೆ ಎಂದು ಗಂಭೀರವಾಗಿ ತೀರ್ಮಾನಿಸಿದೆ. ವಾಸನೆ? ದಿನವಿಡೀ ನಶ್ಯ ಏರಿಸುವ ಮೂಗಿಗೆ ಆ ಸುದ್ದಿಯೇ ಮುಟ್ಟುವುದಿಲ್ಲ. ನೆಟ್ಟಗಿದ್ದ ನನ್ನ ಹಳೇ ಖೋಲುಗಳಿಗೆ ತುಂಬಿದೆ.

"ರೀ, ರೊಟ್ಟಿಗಂತ ಕುಟ್ಟಿದ ಗುರೆಳ್ಳು ಹಿಂಡಿಪುಡಿ ಎಲ್ಲಿ ಹೋತು?" ಹೆಂಡತಿ ನೀಲಮ್ಮ ಒಳಗಿನಿಂದ ಕೂಗಿದಳು.

"ಬೆಕ್ಕು ತಿಂದಿರಬೇಕು ನೋಡ!" ಎಂದೆ.

ಸಂಜೆ ಮೂವರೂ ಹೊಲಕ್ಕೆ ಹೋದೆವು. ಹಂದಿಗಳು ಬಂದವು. ಗುರಿಯಿಟ್ಟೆ. ಮಾವನವರು ಕಿವಿ ಮುಚ್ಚಿಕೊಂಡರು.

ಠುಸ್!

ಚರೆಗಳು ನಳಿಗೆಯಿಂದ ಇಳಿದು ಪಕ್ಕದಲ್ಲೇ ಬಿದ್ದವು. ಹಂದಿಗಳು ತಲೆಯೆತ್ತಿ ನನ್ನನ್ನೊಮ್ಮೆ ನೋಡಿ ಊಟ ಮುಂದುವರಿಸಿದವು.

"ಬೆಳ್ಳುಳ್ಳಿ ವಾಸನಿ ಬರಲಿಕತ್ತದಲ್ಲ?" ಎಂದರು ಮಾವನವರು.

ನೀಲಮ್ಮ ಚರೆಯ ಜೊತೆ ಬಿದ್ದ ಪುಡಿ ಎತ್ತಿ ಮೂಸಿದಳು. "ಅಯ್ಯ, ಇದು ನನ್ನ ಹಿಂಡಿ! ಫರ್ಸಿ ಮ್ಯಾಲಿನ ನಿಮ್ಮ ಹೊಲಸ ನೀರ್ ಹೊಡದು ತೊಳದು, ಅಲ್ಲೇ ಹಿಂಡಿ ಆರಾಕ ಹಾಕಿದ್ದೆ. ಅಪ್ಪಾರು ಬಂದಾರಂತ ಭಾಳ ಆಸೆಲೆ ಬೆಳ್ಳುಳ್ಳಿ ಹಾಕಿ ಕುಟ್ಟಿದ್ದೆ. ಅದನ್ನ ಬಂದೂಕಿಗಿ ತಿನ್ನಿಸೀರಿ!"

ಸಿಟ್ಟಿನಿಂದ, ತಂದಿದ್ದ ನೀರಿನ ತಗಡಿನ ಡಬ್ಬಿ ಬರಿದು ಮಾಡಿ, ಅದನ್ನೇ ಕೋಲಿನಿಂದ ಡಣಡಣ ಬಡಿದಳು. ಹಂದಿಗಳು ಕಾಡಿನ ತನಕ ಹಿಂದೆ ತಿರುಗಿ ನೋಡಲಿಲ್ಲ.

ಮಾವನವರು ಬಂದೂಕನ್ನು ವಿಧಿವತ್ತಾಗಿ ವಶಕ್ಕೆ ಪಡೆದರು. "ಕಾರ್ಖಾನಿಯವರು ತೋಟಾ ಪರೀಕ್ಷೆ ಮಾಡ್ತಾರ. ನಾ ಅಳಿಯನ ಪರೀಕ್ಷೆ ಮಾಡಲಿಲ್ಲ ನೋಡವ್ವ ನೀಲಾ" ಎಂದರು.

ಬಂದೂಕು ಚಿತ್ತಾಪುರದ ಷಡ್ಡಕನ ಗೋಡೆ ಸೇರಿತು. ಅವತ್ತು ರಾತ್ರಿ ನನಗೆ ಬರೀ ರೊಟ್ಟಿ. ಹಿಂಡಿ ಕೇಳಿದ್ದಕ್ಕೆ, "ಹೊಲದಾಗ ಹಾರಿಸಿ ಬಂದೀರಲ್ಲ, ಆರಿಸ್ಕೊಂಡು ಬರ್ರಿ" ಎಂಬ ಉತ್ತರ ಬಂತು.

ಈಗಲೂ ಸಂಜೆ ಹೊಲ ಕಾಯುವವನು ನಾನೇ. ಕೈಯಲ್ಲಿ ಡಬ್ಬಿ, ಕೋಲು. ಹಂದಿಗಳೂ ಹೆದರಿ ಓಡುತ್ತವೆ. ನೀಲಮ್ಮ ಬಂದಳು ಅಂದುಕೊಂಡು!