ನಮ್ಮ ಗೋಡೆಯ ಫ್ರಾನ್ಸಿನ ಹೊಳೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಹಾಗೆ ಹೇಳಿದವರು, ಉಂಡು ಮಲಗಿ ಎದ್ದು, ಕಾಫಿಯ ಹೊತ್ತಿಗೆ ಜಗಳವನ್ನು ಬಿಟ್ಟ ಕಡೆಯಿಂದಲೇ ಹಿಡಿದುಕೊಳ್ಳುವ ದಂಪತಿಗಳನ್ನು ಕಂಡಿರಲಿಲ್ಲವೆಂದು ತೋರುತ್ತದೆ. ನಾನೂ ನನ್ನ ಹೆಂಡತಿ ಗೌರಮ್ಮನೂ ಅಂಥವರು. ನಮ್ಮ ಜಗಳದ ವಿಷಯವೂ ಒಂದೇ. ಅದು ಒಂದು ಹೊಳೆ. ನಮ್ಮ ಜಯಮಂಗಲಿಯಾಗಿದ್ದರೆ ಒಂದು ಅರ್ಥವಿತ್ತು. ಇದು ಫ್ರಾನ್ಸ್ ದೇಶದ ಒಂದು ಹಳ್ಳಿಯ ಹೊಳೆ. ನಾವು ಕೊರಟಗೆರೆ ತಾಲ್ಲೂಕಿನವರು, ತೋವಿನಕೆರೆಯ ಆಚೆಗಿನ ಸಣ್ಣ ಊರಿನವರು. ಫ್ರಾನ್ಸಿನ ಹೊಳೆಯ ಮೇಲೆ ನಮಗೆ ಯಾವ ಹಕ್ಕೂ ಇರಲಿಲ್ಲ. ಆದರೂ ಅದು ಎಡಕ್ಕೆ ಹರಿಯುತ್ತದೆಂದು ಅವಳು, ಬಲಕ್ಕೆ ಹರಿಯುತ್ತದೆಂದು ನಾನು.

ಆ ಹಳ್ಳಿ ನಮ್ಮ ಮನೆಗೆ ಬಂದದ್ದು ಶಿರಾದಿಂದ. ಮಂಡಿಗೆ ಕಡಲೆಕಾಯಿ ಹಾಕಲು ಹೋದವರು ಹಳೇ ಮಸೀದಿಯ ಕಡೆ ನಡೆದು ಬರುವಾಗ, ರಸ್ತೆ ಬದಿಯಲ್ಲಿ ಒಬ್ಬ ಪಟಗಳನ್ನು ಹಾಸಿಕೊಂಡು ಕೂತಿದ್ದ. ದೇವರ ಪಟ ತರೋಣವೆಂದು ಹೊರಟದ್ದು ಗೌರಮ್ಮನೇ. ಕೈಯಲ್ಲಿ ಎತ್ತಿಕೊಂಡದ್ದು ಮಾತ್ರ ಒಂದು ದೊಡ್ಡ ಸೀನರಿ. ದೇವರೆಲ್ಲಿ ಅಂದೆ. "ದೇವ್ರುಗಳು ಮನೆ ತುಂಬ ಅವ್ರೆ ಕಣಯ್ಯಾ. ನೀರೇ ಇಲ್ಲ" ಅಂದಳು. ಅವಳ ತವರು ಪಾವಗಡದ ಕಡೆ. ಅಲ್ಲಿಯವರಿಗೆ ನೀರಿನ ಚಿತ್ರ ಕಂಡರೂ ಒಂದು ಮರ್ಯಾದೆ. ನಮ್ಮ ಕಡೆಯ ಕ್ಷೌರದಂಗಡಿ, ಹೋಟೆಲು, ಟೈಲರ್ ಅಂಗಡಿ ಎಲ್ಲಿ ನೋಡಿದರೂ ಗೋಡೆಯ ಮೇಲೆ ಇಂಥದೊಂದು ಪರದೇಶದ ಹಳ್ಳಿ ಇರುತ್ತದೆ. ಯಾವ ಊರು ಎಂದು ಯಾರೂ ಕೇಳುವುದಿಲ್ಲ. ನೀರು ಕಾಣಿಸಿದರೆ ಸಾಕು.

ನಮ್ಮದು ಮಣ್ಣಿನ ಗೋಡೆ. ಮೊಳೆ ಹೊಡೆದರೆ ಮೊಳೆಯ ಜೊತೆಗೆ ಗೋಡೆಯೂ ಒಂದಿಷ್ಟು ಬರುತ್ತದೆ. ಹಾಗಾಗಿ ಗೌರಮ್ಮ ಮೈದಾ ಅಂಟು ಕಾಯಿಸಿ, ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ, ಪಡುವಣ ಗೋಡೆಗೆ ಆ ಹಳ್ಳಿಯನ್ನು ಮೆತ್ತಿಬಿಟ್ಟಳು. ಅಂಗೈಯಿಂದ ಒತ್ತಿ ಒತ್ತಿ ಗಾಳಿ ಬಿಡಿಸಿದಳು. ಒಂದು ಮನೆಯ ಹೆಂಚಿನ ಮೇಲೆ ಅವಳ ಹೆಬ್ಬೆರಳಿನ ಅಂಟು ನಿಂತು ಕಂದು ಕಲೆಯಾಯಿತು. ನೋಡಿದವರು ಆ ಮನೆ ಸೋರುತ್ತಿದೆ ಎಂದುಕೊಳ್ಳುತ್ತಿದ್ದರು.

ಹಳ್ಳಿಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಕೆಳಗೆ ಹೊಳೆ, ಅದರ ಮೇಲೆ ಕಮಾನುಗಳ ಕಲ್ಲಿನ ಸೇತುವೆ. ದಡದಲ್ಲಿ ಗೋಡೆಯಿಲ್ಲದೆ ಬರೀ ಮಾಡು ಇರುವ ಒಂದು ಕಟ್ಟಡ. ಮೇಲಕ್ಕೆ ಒತ್ತೊತ್ತಾಗಿ ಕಲ್ಲಿನ ಮನೆಗಳು, ನಡುವೆ ಚೂಪು ಗೋಪುರದ ಚರ್ಚು, ಅದಕ್ಕೆ ಆತುಕೊಂಡೇ ಗೋರಿಗಳು. ಹಿಂದೆ ಒಂದು ಗುಡ್ಡ, ಅದರ ಮೇಲೆ ಮುರುಕು ಕೋಟೆ, ಇಳಿಜಾರಿನಲ್ಲಿ ಸಾಲು ಸಾಲು ಹಸಿರು. ಕೋಟೆಯನ್ನು ಗೌರಮ್ಮ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮಧುಗಿರಿಯ ಬೆಟ್ಟವನ್ನು, ಅದರ ಮೇಲಿನ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ನೋಡಿಕೊಂಡೇ ತವರಿಗೆ ಹೋಗಿ ಬರುವವಳು ಅವಳು. "ಇಷ್ಟುದ್ದ ದಿಬ್ಬಕ್ಕೆ ಕೋಟೆ ಬೇರೆ ಕೇಡು" ಅಂದಳು. ಹಸಿರು ಸಾಲುಗಳು ಕಡಲೆಕಾಯಿ ಎಂದು ಅವಳ ತೀರ್ಮಾನ, ಹಿಪ್ಪುನೇರಳೆ ಎಂದು ನನ್ನದು. ಮಾಡಿನ ಕಟ್ಟಡ ದನಗಳಿಗೆ ನೀರು ಕುಡಿಸುವ ಜಾಗ ಎಂದೆ ನಾನು. ಹೆಂಗಸರು ಬಟ್ಟೆ ಒಗೆಯುವ ಜಾಗ ಎಂದಳು ಅವಳು. ಒಗೆಯುವುದಕ್ಕೆ ಯಾರಾದರೂ ಮಾಡು ಕಟ್ಟುತ್ತಾರೆಯೇ ಎಂದು ನಾನು ನಕ್ಕರೆ, ಒಗೆದವನಾಗಿದ್ದರೆ ನೀನು ಈ ಮಾತು ಕೇಳುತ್ತಿರಲಿಲ್ಲ ಅಂದಳು. ಗೋರಿಗಳನ್ನು ಮಾತ್ರ ಅವಳು ಮೆಚ್ಚಿಕೊಂಡಳು. ನಾವೂ ಹೂಳುವವರೇ. "ನಮ್ಮಂಗೇ ಹೂಳ್ತಾರೆ ನೋಡು. ಆದ್ರೆ ಮನೆ ಪಕ್ಕದಾಗೇ. ಹೋಗಿ ಬರೋಕೆ ಹತ್ರ" ಅಂದಿದ್ದಳು.

ಇನ್ನು ಹೊಳೆ. ನಾನು ಪಂಚಾಯಿತಿಯಲ್ಲಿ ನೀರುಗಂಟಿಯಾಗಿದ್ದವನು. ಊರಿನ ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಬಿಡಬೇಕೆಂದು ವಾಲ್ವು ತಿರುಗಿಸುತ್ತಲೇ ಮುದುಕನಾದೆ. ನೀರಿನ ವಿಷಯದಲ್ಲಿ ಮನೆಯೊಳಗೇ ಎದುರು ಮಾತು ಕೇಳುವುದು ನನಗೆ ಕಷ್ಟವಾಯಿತು. ಸೇತುವೆಯ ಕಂಬಕ್ಕೆ ಎಡಗಡೆಯಿಂದ ನೊರೆ ಕಟ್ಟಿದೆ, ಆದ್ದರಿಂದ ಹೊಳೆ ಬಲಕ್ಕೆ ಹರಿಯುತ್ತದೆ ಎಂದು ವಿವರಿಸಿದೆ. "ಎಡಕ್ಕೆ" ಅಂದಳು ಗೌರಮ್ಮ. ಕಾರಣ ಕೇಳಿದರೆ, ತವರಿನ ತೆಲುಗಿನಲ್ಲಿ ಹೌದೌದು ಎಂದು ಅಣಕಿಸುವಂತೆ, "ಅವುನು, ನೀನೇ ಕಂಡಿದೀಯ. ಹೊಳೆ ಅಂದ್ಮೇಲೆ ನಮ್ಮೂರ ಕಡೀಕೇ ಹೋಗೋದು" ಅಂದಳು. ಇಲ್ಲಿಯ ಜಯಮಂಗಲಿ ಬಡಗಣಕ್ಕೆ ಹರಿಯುತ್ತದಾದ್ದರಿಂದ ಲೋಕದ ಹೊಳೆಗಳೆಲ್ಲ ತನ್ನ ತವರಿನ ದಿಕ್ಕಿಗೇ ಹೊರಟಿವೆಯೆಂದು ಅವಳ ನಂಬಿಕೆ. ಇವಳಿಗೆ ದಿಕ್ಕೇ ತಿಳಿಯದು ಎಂದು ನಾನು ಸುಮ್ಮನಾಗುತ್ತಿದ್ದೆ. ಸುಮ್ಮನಾಗುವುದೆಂದರೆ ಮಾರನೆಯ ಬೆಳಿಗ್ಗೆಯವರೆಗೆ.

ಜಗಳದ ಹೊತ್ತು ಗೊತ್ತಾಗಿತ್ತು. ನಾನು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕಾಫಿ ಕುಡಿಯುತ್ತಿದ್ದೆ. ಅವಳು ನನ್ನ ಬೆನ್ನ ಹಿಂದೆ, ಮೂಡಣ ಗೋಡೆಯಲ್ಲಿ ಹೇಗೋ ನಿಂತ ಒಂದೇ ಮೊಳೆಗೆ ನೇತುಹಾಕಿದ ಕನ್ನಡಿಯ ಕೆಳಗೆ ಸ್ಟೂಲು ಹಾಕಿಕೊಂಡು ತಲೆ ಬಾಚುತ್ತಿದ್ದಳು. ಅವಳ ಎರಡು ಕೈಯೂ ಕೂದಲಲ್ಲಿ, ನನ್ನ ಕೈಯಲ್ಲಿ ಬಿಸಿ ಲೋಟ. ಆದ್ದರಿಂದ ಕೈ ಚಾಚಿ ತೋರಿಸುವ ಕೆಲಸಕ್ಕೆ ಇಬ್ಬರೂ ಹೋಗುತ್ತಿರಲಿಲ್ಲ. ಬರೀ ಬಾಯಲ್ಲಿ ಎಡಕ್ಕೆ, ಬಲಕ್ಕೆ. ಹೊಲದಲ್ಲಿ, ಬಸ್ಸಿನಲ್ಲಿ, ಬೀಗರ ಮನೆಯ ಊಟದಲ್ಲಿ ಕೂಡ ಈ ಮಾತು ಬಂದದ್ದುಂಟು. ಒಮ್ಮೆ ಜಗಳ ಕಾಲೂರಿಕೊಂಡ ಮೇಲೆ ಯಾರೂ ಮನೆಗೆ ಬಂದು ಗೋಡೆ ನೋಡುವುದಿಲ್ಲ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಗೌರಮ್ಮ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ಕೆರೆಯಾಚೆಯ ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು. ಅದು ಮನೆಗೆ ಹತ್ತಿರವಲ್ಲ, ನನ್ನ ಮಂಡಿಯೂ ಸರಿಯಿಲ್ಲ.

ವರ್ಷದ ಕಾರ್ಯಕ್ಕೆ ನೆಂಟರು ಬರುತ್ತಾರೆ, ಮನೆಗೆ ಬಣ್ಣ ಹೊಡೆಸಬೇಕು ಎಂದು ಮಗಳು ಸುಮಾ ಹೇಳಿದಳು. ಅವಳು ಮಧುಗಿರಿಯಲ್ಲಿ ಹೈಸ್ಕೂಲು ಮೇಡಂ. ಬಣ್ಣಕ್ಕೆ ಶಿರಾದಿಂದ ರಹಮತ್ ಸಾಬರು ಬಂದರು. ಅವರು ಮೊದಲು ಇಡೀ ಮನೆಯನ್ನು ಒಮ್ಮೆ ನೋಡಿ, ಪಟದ ಮುಂದೆ ನಿಂತು, ಅಂಚನ್ನು ಉಗುರಿನಿಂದ ಕೆರೆದು ನೋಡಿದರು. "ಇದ್ಯಾರು ಯಜಮಾನ್ರೇ ಅಂಟಿಸಿದ್ದು? ಪೇಪರ್ ಬರಾಂಗಿಲ್ಲ. ಗೋಡೆ ಬತ್ತದೆ" ಅಂದರು. ಉಳಿಸಬೇಕೆಂದರೆ ಸುತ್ತ ಬಣ್ಣ ಬಳಿಯಬೇಕು, ತೆಗೆಯಬೇಕೆಂದರೆ ನೀರು ಹೊಡೆದು ಕೆರೆಯಬೇಕು, ಬೇರೆ ದಾರಿಯಿಲ್ಲ. ಹೊಸ ಬಣ್ಣದ ನಡುವೆ ಈ ಮಾಸಲು ಹಳ್ಳಿ ತೇಪೆಯಂತೆ ಕಾಣುತ್ತದೆ ಎಂದು ಸುಮಾ ಒಪ್ಪಲಿಲ್ಲ.

ನಾನು ಪಟದ ಮುಂದಿನಿಂದ ಕದಲದ್ದನ್ನು ನೋಡಿ ಅವಳೇ ಒಂದು ಉಪಾಯ ಹೇಳಿದಳು. ಪಟದ ತುದಿಯಲ್ಲಿ ಇರುವೆಸಾಲಿನಂಥ ಅಕ್ಷರದಲ್ಲಿ ಊರಿನ ಹೆಸರಿತ್ತು. ಅದನ್ನು ಮೊಬೈಲಿಗೆ ತೋರಿಸಿದಳು. ಮೊಬೈಲು ಊರನ್ನೇ ತಂದು ಎದುರಿಗಿಟ್ಟಿತು. ಹೆಸರನ್ನು ಹೇಗೆ ಹೇಳುವುದೆಂದು ಅವಳಿಗೂ ಗೊತ್ತಾಗಲಿಲ್ಲ. ಆ ಭಾಷೆಯಲ್ಲಿ ಬರೆದ ಅಕ್ಷರಗಳಲ್ಲಿ ಬಹಳಷ್ಟನ್ನು ಓದುವುದೇ ಇಲ್ಲವಂತೆ. ಓದದ ಅಕ್ಷರ ಬರೆಯುವುದು ಯಾವ ಉಳಿತಾಯವೋ. ಚರ್ಚು ಹಲವು ನೂರು ವರ್ಷ ಹಳೆಯದು. ಕೋಟೆ ಯಾರೋ ಪಾಳೆಯಗಾರನಂಥವನದು, ಯುದ್ಧದಲ್ಲಿ ಬಿದ್ದುಹೋಯಿತು. ಹಸಿರು ಸಾಲು ದ್ರಾಕ್ಷಿ. ಅಲ್ಲಿಗೆ ನಾನೂ ಗೌರಮ್ಮನೂ ಸಮಸಮ. ಹೊಳೆಯ ದಡದ ಮಾಡು ಊರಿನ ಹೆಂಗಸರು ಬಟ್ಟೆ ಒಗೆಯಲೆಂದೇ ಕಟ್ಟಿದ್ದು. ಅದನ್ನು ಊರಿನವರು ಈಗಲೂ ಹಳೆಯ ಕಾಲದ ಆಸ್ತಿಯೆಂದು ಜೋಪಾನ ಮಾಡಿದ್ದಾರೆ, ಒಗೆಯುವವರಿಲ್ಲ, ಹೂಕುಂಡ ಇಟ್ಟಿದ್ದಾರೆ. ಸುಮಾ ಓದಿ ಮುಗಿಸಿ ನನ್ನ ಮುಖ ನೋಡಿದಳು. ಅವಳ ತಾಯಿ ಗೆದ್ದದ್ದು ಅವಳಿಗೂ ಗೊತ್ತಾಗಿತ್ತು.

"ಹೊಳೆ?" ಅಂದೆ.

ಅವಳು ಮ್ಯಾಪು ತೆಗೆದಳು. ಸೇತುವೆ ಹುಡುಕಿದಳು, ಚರ್ಚು ಹುಡುಕಿದಳು, ಫೋಟೋ ಯಾವ ದಡದಿಂದ ತೆಗೆದದ್ದೆಂದು ಲೆಕ್ಕ ಹಾಕಿದಳು. ಮೊಬೈಲನ್ನು ತಿರುಗಿಸಿದಳು, ತಾನೂ ತಿರುಗಿದಳು. ಕೊನೆಗೆ, "ಬಲಕ್ಕೇ ಅಪ್ಪಾ. ನೀನು ಹೇಳ್ತಿದ್ದೇ ಸರಿ" ಅಂದಳು.

ನಾನು ಇಷ್ಟು ವರ್ಷ ಕಾದ ಮಾತು ಅದು. ಬಂದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಖಾಲಿ ಬಸ್ ನಿಲ್ದಾಣದಲ್ಲಿ ಹಾರ ಹಿಡಿದು ನಿಂತವನ ಹಾಗೆ ಆಯಿತು. ಇದೇ ಊರಿನ ಹೊಸ ಫೋಟೋ ತರಿಸಿ, ಫ್ರೇಮು ಹಾಕಿಸಿ ತೂಗು ಹಾಕೋಣ, ಇದನ್ನು ತೆಗೆಸಿಬಿಡೋಣ ಎಂದಳು ಸುಮಾ. ಹೊಳೆಯ ವಿಷಯ ಮುಗಿದ ಮೇಲೆ ಪಟ ಇದ್ದರೇನು ಹೋದರೇನು ಎನ್ನಿಸಿ, ಆಗಲಿ ಎಂದುಬಿಟ್ಟೆ.

ಮಾರನೆಯ ಬೆಳಿಗ್ಗೆ ರಹಮತ್ ಸಾಬರು ಬೇಗ ಬಂದರು. ಮಂಚವನ್ನು ಅಂಗಳಕ್ಕೆ ಸಾಗಿಸಿದ್ದರಿಂದ ನನಗೆ ಕೂರಲು ಜಾಗವಿರಲಿಲ್ಲ. ಉಳಿದದ್ದು ಕನ್ನಡಿಯ ಕೆಳಗಿನ ಸ್ಟೂಲು. ಅದರ ಮೇಲೆ ನಾನು ಎಂದೂ ಕೂತವನಲ್ಲ. ಗಡ್ಡವನ್ನು ಕ್ಷೌರದಂಗಡಿಯವನು ನೋಡಿಕೊಳ್ಳುತ್ತಾನೆ, ತಲೆಯಲ್ಲಿ ಬಾಚುವಂಥದ್ದು ಏನೂ ಉಳಿದಿಲ್ಲ. ಕನ್ನಡಿಯ ಕೆಲಸ ನನಗೇನು? ಕಾಫಿ ಲೋಟ ಹಿಡಿದು ಕೂತೆ. ಬೆನ್ನ ಹಿಂದೆ ಸಾಬರು ಬಕೀಟಿನಲ್ಲಿ ಬಟ್ಟೆ ಅದ್ದಿ ಪಟಕ್ಕೆ ನೀರು ಬಳಿಯುವ ಸದ್ದು. ಆ ಕೆಲಸವನ್ನು ನೋಡಬಾರದೆಂದೇ ನಾನು ಈ ಕಡೆ ಮುಖ ಮಾಡಿದ್ದು. ಆದರೆ ತಲೆಯೆತ್ತಿದರೆ ಕನ್ನಡಿಯಲ್ಲಿ ಇಡೀ ಹಳ್ಳಿ ಇತ್ತು. ನನ್ನ ಬೋಳು ತಲೆ, ಅದರ ಪಕ್ಕದಲ್ಲಿ ಚರ್ಚಿನ ಗೋಪುರ. ಕೆಳಗೆ ಸೇತುವೆ, ಕಂಬ, ನೊರೆ. ನೊರೆ ಕಂಬದ ಬಲಗಡೆಗಿತ್ತು. ಹೊಳೆ ಎಡಕ್ಕೆ ಹರಿಯುತ್ತಿತ್ತು.

ಲೋಟ ಕೆಳಗಿಟ್ಟೆ. ಅವಳು ದಿನಾ ಬೆಳಿಗ್ಗೆ ಕೂತು ನೋಡಿದ್ದು ಇದನ್ನೇ. ಕನ್ನಡಿ ಬಲವನ್ನು ಎಡ ಮಾಡುತ್ತದೆಂದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಸಾಲದ್ದಕ್ಕೆ, ಕನ್ನಡಿಗೆ ಎದುರಾಗಿ ಕೂತರೆ ಎಡಗೈ ಬಡಗಣಕ್ಕೆ, ಮಂಚದಲ್ಲಿ ಗೋಡೆಗೆ ಎದುರಾಗಿ ಕೂತರೆ ಬಲಗೈ ಬಡಗಣಕ್ಕೆ. ಇಬ್ಬರೂ ಹೇಳಿದ್ದು ಒಂದೇ ದಿಕ್ಕು, ಪಾವಗಡದ ದಿಕ್ಕು. ತವರಿನ ಕಡೆ ಎಂದು ಅವಳು ಬಾಯಿಬಿಟ್ಟೇ ಹೇಳಿದ್ದಳು. ನಾನು ಒಂದು ಸಲ ಹಿಂದಕ್ಕೆ ತಿರುಗಿದ್ದರೆ ಮುಗಿಯುತ್ತಿತ್ತು. ಊರಿಗೆಲ್ಲ ನೀರು ಬಿಟ್ಟವನು, ಕುತ್ತಿಗೆ ತಿರುಗಿಸಲಿಲ್ಲ.

"ಸಾಬ್ರೇ, ನಿಲ್ಸಿ" ಅಂದೆ.

ಅವರು ಬಟ್ಟೆ ಹಿಡಿದುಕೊಂಡೇ ತಿರುಗಿದರು. ಅಷ್ಟರಲ್ಲಿ ಆಕಾಶದ ಒಂದು ಮೂಲೆ ಕಿತ್ತು ಬಂದಿತ್ತು. "ಏನ್ ಯಜಮಾನ್ರೇ, ನಿನ್ನೆ ಕೆರೀರಿ ಅಂದ್ರಿ. ಮೇಡಮ್ಮು ನನ್ನ ಬೈತಾರೆ" ಅಂದರು. ಮೇಡಂಗೆ ನಾನು ಹೇಳುತ್ತೇನೆ, ಊರು ಇರಲಿ, ಸುತ್ತ ಬಳಿಯಿರಿ ಅಂದೆ. ಅವರು ಕಿತ್ತ ಮೂಲೆಯನ್ನು ನೋಡಿದರು, ನನ್ನನ್ನು ನೋಡಿದರು. "ಇರ್ಲಿ ಬುಡಿ. ಆಕಾಸ ತಾನೇ, ನಾನೇ ನೀಲಿ ಹಚ್ಕೊಡ್ತೀನಿ" ಅಂದರು. ಹಚ್ಚಿಯೂ ಕೊಟ್ಟರು. ಆ ಮೂಲೆ ಮಾತ್ರ ಈಗ ನಮ್ಮ ಕಿಟಕಿಯ ಬಾಗಿಲಿನ ಬಣ್ಣದಲ್ಲಿದೆ. ಕನ್ನಡಿಯನ್ನು ಬೇರೆ ಕಡೆ ಹಾಕಲೇ ಎಂದು ಕೇಳಿದರು. ಬೇಡ, ಅದೇ ಮೊಳೆ, ಅದೇ ತೂತು ಎಂದೆ.

ವರ್ಷದ ಕಾರ್ಯಕ್ಕೆ ಬಂದ ನೆಂಟರು ಹೊಸ ಗೋಡೆಯ ನಡುವಿನ ಹಳೇ ಹಳ್ಳಿಯನ್ನು ನೋಡಿ, ಹೆಂಡತಿಯ ಮೇಲೆ ಎಷ್ಟು ಪ್ರೀತಿ ಎಂದು ಮಾತಾಡಿಕೊಂಡರು. ನಾನು ತಿದ್ದಲು ಹೋಗಲಿಲ್ಲ. ನಿಜವೆಂದರೆ ಜಗಳ ಇನ್ನೂ ಮುಗಿದಿಲ್ಲ. ಈಗ ಬೆಳಿಗ್ಗೆ ಎದ್ದು ಕಾಫಿ ಹಿಡಿದು ಮಂಚದ ಮೇಲೆ ಕೂತು, ಬಲಕ್ಕೆ ಎನ್ನುತ್ತೇನೆ. ಆಮೇಲೆ ಎದ್ದು, ಮಂಡಿ ಹಿಡಿದುಕೊಂಡು ಸ್ಟೂಲಿನವರೆಗೆ ಹೋಗಿ, ಕನ್ನಡಿ ನೋಡಿ, ಎಡಕ್ಕೆ ಎಂದು ಅವಳ ಮಾತನ್ನೂ ನಾನೇ ಆಡಿ ಬರುತ್ತೇನೆ. ಒಬ್ಬನೇ ಇಬ್ಬರ ಜಗಳ ಆಡುವುದರಲ್ಲಿ ಇರುವ ತೊಂದರೆ ಒಂದೇ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಕಾಫಿ ಆರಿರುತ್ತದೆ.