ಅತ್ತೆಯ ಸೊಂಟ, ನನ್ನ ಎಡಗಾಲು

ನಾವು ಹುಟ್ಟುವಾಗ ಏನಾಯಿತು ಎಂಬುದಕ್ಕೆ ನಾವೇ ಸಾಕ್ಷಿ ಹೇಳುವಂತಿಲ್ಲ. ಬೇರೆಯವರು ಹೇಳಿದ್ದನ್ನು ನಂಬಿಕೊಂಡು ಬದುಕಬೇಕು. ಅದರಲ್ಲೂ ಹುಟ್ಟು ಸ್ವಲ್ಪ ಹೆಚ್ಚುಕಡಿಮೆಯಾಗಿದ್ದರಂತೂ ಮುಗಿದೇ ಹೋಯಿತು. ಕರುಳುಬಳ್ಳಿಯನ್ನು ಕೊರಳಿಗೆ ಸುತ್ತಿಕೊಂಡು ಬಂದ ಕೂಸು ಸೋದರಮಾವನಿಗೆ ಆಗಿಬರದು. ಅವನು ಅದರ ಮುಖವನ್ನು ಮೊದಲು ಎಣ್ಣೆಯಲ್ಲಿ ಮೂಡಿದ ಬಿಂಬದಲ್ಲೇ ನೋಡಬೇಕು. ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳು. ಇವೆಲ್ಲ ಸುಳ್ಳು ಎಂದು ಹೇಳಿಕೊಡುವುದಕ್ಕೇ ನನಗೆ ಸಂಬಳ ಬರುವುದು. ಶಿಕಾರಿಪುರದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಡಂ. ಜೋಡಿ ಬಾಳೆಹಣ್ಣು ಸಿಕ್ಕರೆ ಇವತ್ತಿಗೂ ಗಂಡನ ತಟ್ಟೆಗೇ ಹಾಕುತ್ತೇನೆ ಎಂಬುದು ಬೇರೆ ಮಾತು.

ಕಳೆದ ಸುಗ್ಗಿಯಲ್ಲಿ ನಮ್ಮತ್ತೆ ಅಂಗಳದಲ್ಲಿದ್ದ ಮೆಕ್ಕೆಜೋಳದ ಚೀಲವನ್ನು ಸರಿಸಲು ಹೋಗಿ ಸೊಂಟ ಹಿಡಿಸಿಕೊಂಡರು. ನಾಲ್ಕು ದಿನ ಮಾತ್ರೆ, ಮುಲಾಮು ಎಲ್ಲ ಆಯಿತು. ಐದನೆಯ ದಿನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀ ಕಾಲು ಮುಂದಾಗಿ ಹುಟ್ಟಿದಾಕಿ ಅಲ್ಲೇನವ್ವ?" ಎಂದರು.

ನನ್ನ ತವರು ಸೊರಬದ ಕಡೆ, ಗುಡವಿಯ ಹತ್ತಿರ. ಸಂಬಂಧದ ಮಾತುಕತೆಯಲ್ಲಿ ಅಮ್ಮ ಈ ಮಾತನ್ನು ಆಡಿದ್ದಳಂತೆ. ಅತ್ತೆ ಹನ್ನೊಂದು ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಕಾಲು ಮುಂದಾಗಿ ಹುಟ್ಟಿದವರು ಮೂರು ಸಲ ಒದ್ದರೆ ಹಿಡಿದ ಸೊಂಟ ಬಿಡುತ್ತದೆಂಬುದು ನಮ್ಮ ಕಡೆಯ ನಂಬಿಕೆ.

"ಅತ್ತೆ, ಅದೆಲ್ಲ ಮೂಢನಂಬಿಕೆ," ಎಂದೆ.

"ನಂಬಿಕಿ ನಂದು, ಕಾಲಷ್ಟೇ ನಿಂದು. ನಿಂಗ್ಯಾಕ ಚಿಂತಿ?"

ನನಗೆ ಅನುಮಾನ ಶುರುವಾಯಿತು. ಇದು ನಿಜವಾದ ನೋವೋ, ಸೊಸೆಯ ಪರೀಕ್ಷೆಯೋ? ಒದ್ದ ಮೇಲೆ "ಸೊಸಿ ಒದ್ದಳು" ಎಂದು ಕೇರಿಗೆಲ್ಲ ಸಾರಿದರೆ? ಗಂಡನನ್ನು, "ಏನ್ಮಾಡ್ಲಿ ರೀ?" ಎಂದು ಕೇಳಿದೆ. "ಅವ್ವನೇ ಕೇಳ್ಯಾಳಲ್ಲ, ಒದ್ದುಬಿಡು," ಎಂದರು. ನಾನು ಆಗಲಿ ಎಂದ ಕೂಡಲೇ, "ಇಷ್ಟು ಲಗೂನ ಒಪ್ಪಿಬಿಟ್ಟೆಲ್ಲ?" ಎಂದು ನನ್ನನ್ನೇ ಗುಮಾನಿಯಿಂದ ನೋಡಿದರು.

ಮರುದಿನ ಬೆಳಿಗ್ಗೆ ಅತ್ತೆ ಖಾಲಿ ಹೊಟ್ಟೆಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಬೆನ್ನು ಕೊಟ್ಟು ನಿಂತರು. ಎಡಗಾಲಲ್ಲೇ ಒದೆಯಬೇಕು, ನಡುವೆ ಯಾರೂ ಮಾತಾಡಬಾರದು. ಮನಸ್ಸಿನಲ್ಲೇ ಕ್ಷಮೆ ಕೇಳಿ ಮೊದಲನೆಯದು ಕೊಟ್ಟೆ.

"ಇದೇನು, ಬೆಕ್ಕು ಬಾಲ ಸವರಿದಂಗ ಆತು," ಎಂದು ಅತ್ತೆಯೇ ನಿಯಮ ಮುರಿದರು.

ಎರಡನೆಯದೂ ಹಾಗೇ ಹೋಯಿತು. ಮೂರನೆಯದಕ್ಕೆ ಕಾಲೆತ್ತಿದಾಗ ಯಾಕೋ ಹಳೆಯದೆಲ್ಲ ನೆನಪಾಯಿತು. ನಾನು ಈ ಮನೆಯಲ್ಲಿ ಮಾಡಿದ ಮೊದಲ ಸಾರಿಗೆ ನೆಂಟರೆದುರು "ನೀರಿಗೆ ಖಾರ ಕಲಸ್ಯಾಳ" ಎಂದದ್ದು, ನನ್ನ ಹೊಸ ಸೀರೆಯನ್ನು ನನ್ನನ್ನು ಕೇಳದೆ ನಾದಿನಿಗೆ ಉಡಿಸಿ ಬಂದಳಿಕೆಯ ಜಾತ್ರೆಗೆ ಕಳಿಸಿದ್ದು. ಕಾಲು ತಾನಾಗಿ ಹೋಯಿತು. ಅತ್ತೆ ಚೌಕಟ್ಟು ಬಿಟ್ಟು ಎರಡು ಹೆಜ್ಜೆ ಆಚೆ, ಅಂಗಳದಲ್ಲಿ ನಿಂತಿದ್ದರು. ನಿಧಾನಕ್ಕೆ ಅವರು ಸೊಂಟವನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು.

"ಹೋತು!" ಎಂದರು. ಆಮೇಲೆ ಕಣ್ಣು ಕಿರಿದು ಮಾಡಿ, "ಮೂರನೇದು ಸೊಂಟಕ್ಕ ಹಾಕಿದ್ದಲ್ಲ ಬಿಡು," ಎಂದರು.

ತಡೆಯಲಾರದೆ ಸಂಜೆ ಅಮ್ಮನಿಗೆ ಫೋನು ಮಾಡಿದೆ. "ಅಮ್ಮಾ, ನಾನು ನಿಜವಾಗ್ಲೂ ಕಾಲು ಮುಂದಾಗಿ ಹುಟ್ಟಿದ್ನಾ?"

"ಥೋ, ಅದು ನಿನ್ನಣ್ಣ ಕಣೇ! ನೀನು ತಲೆ ಮುಂದಾಗೇ ಬಂದಿದ್ದು," ಎಂದು ಅಮ್ಮ ಗಟ್ಟಿಯಾಗಿ ನಕ್ಕಳು. "ನೋಡೋಕೆ ಬಂದವ್ರು ಹಾಡು ಬರುತ್ತಾ, ಕಸೂತಿ ಬರುತ್ತಾ ಅಂತ ಕೇಳ್ತಾನೇ ಇದ್ರು. ನಿಂಗೆ ಒಂದೂ ಬರ್ತಿರ್ಲಿಲ್ಲ. ಏನಾದ್ರೂ ಒಂದು ಇರ್ಲಿ ಅಂತ ಹೇಳಿಬಿಟ್ಟೆ ಮಾರಾಯ್ತಿ."

ಮೂಢನಂಬಿಕೆಯನ್ನು ಬುಡಸಮೇತ ಕೀಳಲು ಇದಕ್ಕಿಂತ ಒಳ್ಳೆಯ ಅವಕಾಶ ಯಾವ ವಿಜ್ಞಾನದ ಮೇಡಂಗೂ ಸಿಕ್ಕಿರಲಾರದು. ನಾನು ಸತ್ಯ ಹೇಳಿದರೆ ಸಾಕಿತ್ತು. ಆದರೆ ನಂಬಿಕೆಯನ್ನು ಕಿತ್ತುಹಾಕಿದರೆ ಉಳಿಯುವುದೇನು? ಸೊಸೆ ಅತ್ತೆಗೆ ಬೆಳಬೆಳಿಗ್ಗೆ ಮೂರು ಸಲ ಒದ್ದಳು ಎಂಬುದಷ್ಟೇ.

ಹೊರಗೆ ಬಂದರೆ ಪಕ್ಕದ ಮನೆಯಾಕೆ ಸೊಂಟ ಹಿಡಿದುಕೊಂಡು ಜಗಲಿಯ ಮೇಲೆ ಕೂತಿದ್ದಳು. ಅತ್ತೆ ನನ್ನ ಕೈಯಲ್ಲಿದ್ದ ಫೋನನ್ನೇ ನೋಡುತ್ತ, "ನಿಮ್ಮವ್ವ ಭಾಳ ನಗ್ತಿದ್ರಲ್ಲ? ನೀ ಕಾಲು ಮುಂದಾಗೇ ಹುಟ್ಟಿದಾಕಿ ಹೌದಿಲ್ಲೋ?" ಎಂದರು.

"ಹೌದು ಅತ್ತೆ," ಎಂದೆ. "ಎರಡೂ ಕಾಲು."