ಶಾಕಿರ್ ಸಾಹೇಬರ ಗುಲಾಬಿ ಕಿವಿ

ಬೆಳಿಗ್ಗೆ ಏಳು ಗಂಟೆಗೆ ಪಕ್ಕದ ಮನೆಯ ಸಾವಿತ್ರವ್ವ ಮಿಕ್ಸಿಗೆ ಶೇಂಗಾ ಹಾಕಿ ಗುಂಡಿ ತಿರುಗಿಸಿದರು. ಗೋಡೆಯ ಇತ್ತ ಚಹಾ ಕುಡಿಯುತ್ತ ಕುಳಿತಿದ್ದ ಶಾಕಿರ್ ಸಾಹೇಬರು ಚೇಳು ಕುಟುಕಿದವರಂತೆ ಎದ್ದು ನಿಂತರು. ಚಹಾ ಲುಂಗಿಯ ಮೇಲೆ ಬಿತ್ತು, ಕಪ್ಪು ನೆಲಕ್ಕೆ ಬಿದ್ದು ಒಡೆಯಿತು.

“ಈ ತಿಂಗಳಲ್ಲಿ ಇದು ಮೂರನೇದು,” ಎಂದಳು ಹೆಂಡತಿ ಖುರ್ಷಿದಾ, ಚೂರು ಆರಿಸುತ್ತ.

ಶಾಕಿರರಿಗೆ ಶಬ್ದ ಆಗಿಬರುತ್ತಿರಲಿಲ್ಲ. ಸಿಟ್ಟಿಗಲ್ಲ, ಸೊಕ್ಕಿಗಲ್ಲ, ಅವರ ಕಿವಿಯೇ ಹಾಗೆ. ನಮ್ಮ ನಿಮ್ಮ ಮನೆಯಲ್ಲಿ ಚಮಚ ಬಿದ್ದರೆ ಅದು ಅಡುಗೆಮನೆಯಲ್ಲಿ ಬೀಳುತ್ತದೆ. ಅವರ ಮನೆಯಲ್ಲಿ ಬಿದ್ದರೆ ಅವರ ತಲೆಯೊಳಗೇ ಬೀಳುತ್ತದೆ. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, “ಕಿವಿ ಚೆನ್ನಾಗಿದೆ. ಬೇಕಾದ್ದಕ್ಕಿಂತ ಹೆಚ್ಚೇ ಚೆನ್ನಾಗಿದೆ. ಗದ್ದಲ ತಡೆಯೋ ಹೆಡ್‌ಫೋನ್ ಹಾಕ್ಕೊಳ್ಳಿ” ಎಂದಿದ್ದರು. ಓಣಿಯಲ್ಲಿ ಇದನ್ನು ಒಬ್ಬರೂ ನಂಬಲಿಲ್ಲ. ಓಣಿಯವರ ಲೆಕ್ಕದಲ್ಲಿ ಕಿವಿಗೆ ಇರುವುದು ಎರಡೇ ಕಾಯಿಲೆ: ಒಂದು ಸೋರುವುದು, ಇನ್ನೊಂದು ಕೇಳದಿರುವುದು. ಹೆಚ್ಚು ಕೇಳುವುದನ್ನೂ ಕಾಯಿಲೆ ಅಂದರೆ ನಗದೆ ಇನ್ನೇನು ಮಾಡುತ್ತಾರೆ?

ತಮಾಷೆ ಎಂದರೆ ಸಾಹೇಬರ ಅನ್ನ ಹುಟ್ಟುತ್ತಿದ್ದದ್ದೂ ಅದೇ ಕಿವಿಯಿಂದ. ಶಿರಸಿ ಪೇಟೆಯಲ್ಲಿ ವಿಶ್ವೇಶ್ವರ ಹೆಗಡೆಯವರ, ಅಡಿಕೆ ಕೊಂಡು ದಾಸ್ತಾನು ಮಾಡುವ ವಖಾರಿ ಇದೆ. ಅಲ್ಲಿ ಬಂದ ಚೀಲಗಳಿಗೆ ಕೈ ಹಾಕಿ, ಒಂದು ಮುಷ್ಟಿ ಅಡಿಕೆ ತೆಗೆದು, ಕಿವಿಯ ಹತ್ತಿರ ಕುಲುಕಿ ನೋಡುವುದು ಶಾಕಿರರ ಕೆಲಸ. ಚೆನ್ನಾಗಿ ಒಣಗಿದ ಅಡಿಕೆ ಕಣಕಣ ಅನ್ನುತ್ತದೆ, ಹಸಿ ಉಳಿದದ್ದು ಮಂಕಾಗಿ ಡಬಡಬ ಅನ್ನುತ್ತದೆ. ಇಪ್ಪತ್ತು ವರ್ಷದಲ್ಲಿ ಅವರು ಒಂದು ಚೀಲವನ್ನೂ ತಪ್ಪು ಹೇಳಿರಲಿಲ್ಲ. ಆದರೆ ಈ ವರ್ಷ ಹೆಗಡೆಯವರು ಅಡಿಕೆಗೆ ಗಾಳಿ ಹಾಕಿ ಧೂಳು ತೆಗೆಯುವ ಮಶಿನ್ನು ತಂದರು. ತಂದವರು ಅದನ್ನು ಸಾಹೇಬರು ಕೂರುವ ಗೋಣಿತಟ್ಟಿನಿಂದ ಆರು ಅಡಿ ದೂರದಲ್ಲೇ ಇಟ್ಟರು. ಕಳೆದ ವಾರ ಮೂರು ಸಲ ಶಾಕಿರರು ಕಿವಿ ಮುಚ್ಚಿಕೊಂಡು ಎದ್ದು ಹೊರಗೆ ಹೋಗಿದ್ದರು.

ನಿನ್ನೆ ಹೆಗಡೆಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. “ನಾಳೆ ಸಂಜೆ ಐದರವರೆಗೆ ಕೂತ್ರೆ ನಿನ್ನ ಜಾಗ ನಿಂದು. ನಡುವೆ ಎದ್ದು ಹೋದ್ಯಾ, ಹಾಂಗೇ ಮನೆಗೆ ಹೋಗು ಮಾರಾಯ. ಬೇರೆಯವ್ರನ್ನ ನೋಡ್ತೆ.”

“ಹತ್ತಿ ಇಟ್ಕೊಂಡು ಹೋಗಿ,” ಎಂದಳು ಖುರ್ಷಿದಾ.

“ಹತ್ತಿ ಇಡೋದು ಹೆಣಕ್ಕೆ,” ಎಂದರು ಶಾಕಿರರು. “ಡಾಕ್ಟ್ರು ಹೇಳಿದ್ದೇ ತಗೊಳ್ತೀನಿ, ಇವತ್ತೇ. ಯಾರು ಏನ್ ಬೇಕಾದ್ರೂ ಅಂದ್ಕೊಳ್ಳಲಿ.”

ಮಾತು ಗೋಡೆ ದಾಟಿತ್ತು. ಸಾವಿತ್ರವ್ವ ಬಾಗಿಲಲ್ಲಿ ಹಾಜರಾದರು. ಹಾವೇರಿ ಕಡೆಯಿಂದ ಬಂದವರು, ಮನಸ್ಸು ದೊಡ್ಡದು, ದನಿ ಅದಕ್ಕಿಂತ ದೊಡ್ಡದು. “ಬೆಳ್ಳುಳ್ಳಿ ಎಣ್ಣಿ ಹಾಕ್ರಿ ಶಾಕಿರಣ್ಣಾ! ನಮ್ಮ ಕಾಕಾಗೂ ಹಿಂಗ ಆಗಿತ್ತು!”

“ಅವರಿಗೂ ಹೆಚ್ಚು ಕೇಳ್ತಿತ್ತಾ?”

“ಇಲ್ರೀ, ಏನೂ ಕೇಳ್ತಿರಲಿಲ್ಲ!”

ಶಾಕಿರರು ಚಪ್ಪಲಿ ಮೆಟ್ಟಿ ಹೊರಟರು.

ಬಸ್‌ಸ್ಟ್ಯಾಂಡಿನ ಎದುರು ರಯಾನನ ಮೊಬೈಲ್ ಅಂಗಡಿ. ರಯಾನ ಮೊದಲು ತೋರಿಸಿದ್ದು ಕಿವಿಯೊಳಗೆ ತುರುಕುವಂಥದ್ದು. ಹಾಕಿಕೊಂಡ ಎರಡು ನಿಮಿಷಕ್ಕೆ ಯಾರೋ ಎರಡೂ ಕಡೆಯಿಂದ ಗೂಟ ಹೊಡೆಯುತ್ತಿದ್ದಾರೆ ಎನಿಸಿತು. ಎರಡನೆಯದು ತಲೆಯನ್ನು ಹಿಡಿದು ಹಿಂಡಿತು. ಕನ್ನಡಕದ ಕಡ್ಡಿ ಹೋಗಿ ಮೂಳೆಗೆ ಒತ್ತಿತು. ಮೂರನೆಯದರ ಗುಣ ತೋರಿಸಲೆಂದು ರಯಾನ ಅದರಲ್ಲಿ ಹಾಡು ಹಚ್ಚಿ ದನಿಯನ್ನು ಪೂರ್ತಿ ಏರಿಸಿದ. ಶಾಕಿರರು ಅಂಗಡಿಯ ಸ್ಟೂಲಿನಿಂದ ಕೆಳಗೆ ಬಂದರು.

“ನನಗೆ ಹಾಡು ಬೇಡವೋ! ಏನೂ ಬೇಡ! ಏನೂ ಇಲ್ಲದ್ದು ಕೊಡು!”

“ಏನೂ ಕೇಳದೇ ಇರೋದಕ್ಕೆ ಇಷ್ಟು ಕೊಟ್ಟು ತಗೊಳ್ಳೋವ್ರು ನೀವೊಬ್ರೇ ಚಾಚಾ,” ಎಂದ ರಯಾನ. “ಮೆತ್ತಗಿರೋದು ಒಂದೈತೆ. ಆದ್ರೆ ನಿಮಗೆ ಆಗೂದಿಲ್ಲ.”

“ಯಾಕೆ?”

ರಯಾನ ಕಪಾಟಿನಿಂದ ಒಂದು ಡಬ್ಬಿ ತೆಗೆದ. ಒಳಗೆ ಗುಲಾಬಿ ಬಣ್ಣದ ಹೆಡ್‌ಫೋನು. ತಲೆಯ ಪಟ್ಟಿಯ ಮೇಲೆ ಎರಡು ಬೆಕ್ಕಿನ ಕಿವಿಗಳು ಸೆಟೆದು ನಿಂತಿದ್ದವು. ಹೆಣ್ಣುಮಕ್ಕಳ ಹುಟ್ಟುಹಬ್ಬಕ್ಕೆ ಹೋಗುತ್ತದೆಂದು ಒಂದು ಪೆಟ್ಟಿಗೆ ತರಿಸಿದ್ದನಂತೆ, ಒಂದೂ ಹೋಗಿರಲಿಲ್ಲ.

ಶಾಕಿರರು ಹಾಕಿಕೊಂಡರು. ಮೆತ್ತನೆಯ ದಿಂಬು ಕಿವಿಯ ಸುತ್ತ ಹಗುರಾಗಿ ಕೂತಿತು. ರಯಾನ ಗುಂಡಿ ಒತ್ತಿದ. ಬಸ್‌ಸ್ಟ್ಯಾಂಡಿನ ಅಷ್ಟೂ ಎಂಜಿನ್ನುಗಳ ಗುರುಗುರು ಎಲ್ಲೋ ದೂರ ಸರಿದು ಮಾಯವಾಯಿತು. ಶಾಕಿರರು ಕಣ್ಣು ಮುಚ್ಚಿದರು. ನಲವತ್ತಾರು ವರ್ಷದಲ್ಲಿ ಇಂಥ ಸುಖ ಅವರು ಕಂಡಿರಲಿಲ್ಲ. ಕಣ್ಣಲ್ಲಿ ನೀರೇ ಬಂತು.

“ಚಾಚಾ, ಆ ಬೆಕ್ಕಿನ ಕಿವಿ…”

“ಇರಲಿ. ತಲೆ ನಂದು.”

ಗಡ್ಡ, ಕನ್ನಡಕ, ಅದರ ಮೇಲೆ ಗುಲಾಬಿ ಬೆಕ್ಕಿನ ಕಿವಿ. ಶಿರಸಿ ಪೇಟೆ ನಕ್ಕಿತು. ಶಾಕಿರರು ತಲೆ ತಗ್ಗಿಸಲಿಲ್ಲ. ಕನ್ನಡಕ ಹಾಕಿದವರನ್ನು ನೋಡಿ ಯಾರೂ ನಗುವುದಿಲ್ಲ, ಊರುಗೋಲು ಹಿಡಿದವರಿಗೆ ದಾರಿ ಬಿಡುತ್ತಾರೆ. ಕಿವಿಗೆ ಮಾತ್ರ ಆ ಮರ್ಯಾದೆ ಯಾಕಿಲ್ಲ ಎಂದು ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ಎದೆಯುಬ್ಬಿಸಿ ವಖಾರಿಯ ಮೆಟ್ಟಿಲು ಹತ್ತಿದರು.

ಬಾಗಿಲಲ್ಲೇ ಚೀಲ ಹೊರುವ ಚೌಡ ಸಿಕ್ಕ. ನೋಡಿದವನೇ ಮರುಗಿದ. ಕಿವಿ ಪೂರ್ತಿ ಹೋಯಿತೆಂದು ತಿಳಿದು, ಹತ್ತಿರ ಬಂದು, “ಸಾಹೇಬ್ರೇ! ಎಷ್ಟು ದಿನ ಆಯ್ತು ಕೇಳ್ದೇ?” ಎಂದು ಅರಬೈಲ್ ಘಟ್ಟದ ಆಚೆಗೂ ಮುಟ್ಟುವಂತೆ ಕೂಗಿದ.

“ಕೇಳ್ತದೆ ಚೌಡಾ, ಮೆತ್ತಗೆ ಮಾತಾಡು!”

“ಪಾಪ, ಕೇಳ್ತದೆ ಅಂತಾರೆ,” ಎಂದು ಚೌಡ ಉಳಿದವರಿಗೆ ಹೇಳಿದ.

ಹೆಗಡೆಯವರು ಎಲೆಯಡಿಕೆಯ ಕವಳ ಉಗಿದು ಬಾಯಿ ಖಾಲಿ ಮಾಡಿಕೊಂಡು ಬಂದರು. “ಎಂತ ವೇಷವೋ ಇದು? ಕಿವಿ ಮುಚ್ಕೊಂಡು ಅಡಿಕೆ ಹ್ಯಾಂಗೆ ಕೇಳ್ತೀಯ?”

“ನೋಡಿ ಹೆಗಡೇರೆ. ಐದರವರೆಗೆ ಕೂಡ್ತೇನೆ. ಒಂದು ಚೀಲ ತಪ್ಪು ಹೇಳಿದ್ರೂ ನಾನೇ ಹೋಗ್ತೇನೆ.”

ಮಶಿನ್ನು ಶುರುವಾಯಿತು. ಶಾಕಿರರು ಒಂದು ಮುಷ್ಟಿ ಅಡಿಕೆ ತೆಗೆದು ಕುಲುಕಿದರು. ಮಶಿನ್ನಿನ ಮೊರೆತ ಹೆಡ್‌ಫೋನಿನ ಹೊರಗೇ ಉಳಿದಿತ್ತು, ಅಡಿಕೆಯ ಕಣಕಣ ಮಾತ್ರ ತಿಳಿಯಾಗಿ ಒಳಗೆ ಬಂತು. ಹತ್ತು ಚೀಲ, ಇಪ್ಪತ್ತು ಚೀಲ. ಮಧ್ಯಾಹ್ನ ಯಲ್ಲಾಪುರದ ಕಡೆಯಿಂದ ಕಲ್ಲಯ್ಯ ಎಂಬ ವ್ಯಾಪಾರಿಯ ಮಾಲು ಬಂತು. ಮೇಲಿನಿಂದ ನೋಡಿದರೆ ಚಿನ್ನದಂಥ ಅಡಿಕೆ. ಶಾಕಿರರು ಏಳನೆಯ ಚೀಲದ ತಳಕ್ಕೆ ಮೊಳಕೈವರೆಗೆ ಕೈ ಇಳಿಸಿ, ಒಂದು ಮುಷ್ಟಿ ತೆಗೆದು ಕುಲುಕಿ, “ಹಸಿ” ಎಂದರು.

“ಬೆಕ್ಕಿನ ಕಿವಿ ಕಟ್ಕೊಂಡು ನನ್ನ ಮಾಲಿಗೆ ಹೆಸರು ಇಡ್ತೀರೇನ್ರೀ?” ಎಂದು ಕಲ್ಲಯ್ಯ ಹಾರಾಡಿದ.

“ಸುರೀರಿ,” ಎಂದರು ಶಾಕಿರರು.

ಚೌಡ ಚೀಲ ಸುರಿದ. ಅಡಕತ್ತರಿಯಲ್ಲಿ ತಳದ ಅಡಿಕೆ ಹೋಳು ಮಾಡಿದರೆ ಒಳಗೆ ಹಸಿಹಸಿ, ಬೂಸಲು. ಕಲ್ಲಯ್ಯ ಎರಡು ಹೆಜ್ಜೆ ಹಿಂದೆ ಸರಿದ. ಇಡೀ ವಖಾರಿ ಭೋರ್ಗರೆಯಿತು.

“ತಲೆ ಮೇಲಿನ ಮಶಿನ್ನಲ್ಲಿ ಗೊತ್ತಾಗ್ತದೆ!” ಎಂದು ಕೂಗಿದ ಚೌಡ. “ಆ ಮೇಲಿನ ಎರಡು ಕಿವಿ ಉಂಟಲ್ಲ, ಅದೇ ಹಸಿ ಅಡಿಕೆ ಕಂಡುಹಿಡಿಯೋದು!”

“ಮಶಿನ್ನು ಅಲ್ಲಪ್ಪಾ, ನನ್ನ ಕಿವಿ!” ಎಂದರು ಶಾಕಿರರು. “ಇದು ಬರೀ ಗದ್ದಲ ತಡೀತದೆ!”

ಯಾರು ಕೇಳುತ್ತಾರೆ? ಇಪ್ಪತ್ತು ವರ್ಷದ ಕಿವಿಯನ್ನು ನಂಬುವುದಕ್ಕಿಂತ ಇವತ್ತು ಬಂದ ಪ್ಲಾಸ್ಟಿಕ್ಕನ್ನು ನಂಬುವುದು ಜನಕ್ಕೆ ಸುಲಭ. ಹೆಗಡೆಯವರೇ ಅದನ್ನು ಕಿತ್ತು ತಮ್ಮ ತಲೆಗೆ ಹಾಕಿಕೊಂಡು ಒಂದು ಮುಷ್ಟಿ ಕುಲುಕಿದರು. “ಹೌದಲ್ಲೋ! ಎಷ್ಟು ಸಾಫ್ ಕೇಳ್ತು!” ಎಂದರು. ಅವರಿಗೆ ಕೇಳಿದ್ದೇನೋ ದೇವರಿಗೇ ಗೊತ್ತು. ಅಡಿಕೆ ಕೊಳ್ಳಲು ಬಂದವರು, ತಂದವರು, ಹೊರುವವರು, ಎಲ್ಲರಿಗೂ ಅದು ಬೇಕಾಯಿತು. ಯಾರೋ ರಯಾನನಿಗೆ ಫೋನು ಹಚ್ಚಿದರು.

ಮೂರು ಗಂಟೆಗೆ ರಯಾನ ಇಡೀ ಪೆಟ್ಟಿಗೆಯನ್ನೇ ಸ್ಕೂಟರಿನಲ್ಲಿ ಹೇರಿಕೊಂಡು ಬಂದ. ಮೂರೂವರೆಗೆ ವಖಾರಿಯ ತುಂಬ ಗುಲಾಬಿ ಬೆಕ್ಕಿನ ಕಿವಿಗಳು. ಕಲ್ಲಯ್ಯನೂ ಒಂದು ಕೊಂಡ. ಮುಂದಿನ ಸಲ ಮೊದಲು ತಾನೇ ನೋಡಿಕೊಳ್ಳುತ್ತಾನಂತೆ.

ತಲೆಗೆ ಹಾಕಿಕೊಂಡ ಮೇಲೆ ಸುಮ್ಮನಿರುವ ಜಾತಿಯೇ ನಮ್ಮದು? ಎಲ್ಲರೂ ಫೋನಿಗೆ ಜೋಡಿಸಿ ಹಾಡು ಹಚ್ಚಿದರು. ಹಾಡು ಹಚ್ಚಿದ್ದರಿಂದ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ಕೇಳದ್ದರಿಂದ ಕೂಗಿದರು. ಕೂಗಿದ್ದೂ ಕೇಳದ್ದರಿಂದ ಇನ್ನೂ ಜೋರಾಗಿ ಕೂಗಿದರು. “ಚೀಲ ಎಷ್ಟು?” “ಹಾಂ?” “ಚೀಲಾ!” “ಚಹಾ ಆಯ್ತು!” ಶಾಕಿರರ ಹೆಡ್‌ಫೋನನ್ನು ಹೆಗಡೆಯವರು ತಮಗೊಂದು ಕೊಂಡ ಮೇಲೆ ಮರಳಿಸಿದ್ದರು, ನಿಜ. ಆದರೆ ಮಶಿನ್ನಿನ ಮೊರೆತವನ್ನು ನುಂಗುವ ಆ ಸಾಮಾನು ಮನುಷ್ಯರ ಕೂಗನ್ನು ನುಂಗುತ್ತಿರಲಿಲ್ಲ. ಮೊರೆತ ಹೋದ ಜಾಗದಲ್ಲಿ ಒಂದೊಂದು ಕೂಗೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ, ಹೊಸ ಮೊಳೆಯಂತೆ ಬಂದು ನೆಡುತ್ತಿತ್ತು.

ಶಾಕಿರರು ಏಳಲಿಲ್ಲ. ಗೋಣಿತಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ, ಗೋಡೆಯ ಗಡಿಯಾರ ನೋಡುತ್ತ ಕೂತರು. ನಾಲ್ಕೂಕಾಲು. ನಾಲ್ಕೂವರೆ. ಬೆವರು ಗಡ್ಡದಿಂದ ಇಳಿಯಿತು. ಹೋಗುವುದಿದ್ದರೆ ಗೆದ್ದೇ ಹೋಗುವುದು ಎಂದು ನಿಶ್ಚಯಿಸಿದ್ದರು. ಕೊನೆಗೂ ಐದಾಯಿತು.

ಹೆಗಡೆಯವರು ಕುಣಿಯುವ ಹೆಜ್ಜೆಯಲ್ಲಿ ಬಂದು ಅವರ ಮುಖದ ಮುಂದೆಯೇ ಅರಚಿದರು. “ನಿನ್ನ ಜಾಗ ಗಟ್ಟಿ ಶಾಕಿರಾ! ಸಾಯೋವರೆಗೂ ನಿಂದೇ! ನಾಳೆಯಿಂದ ವಖಾರಿಗೆ ಬರೋರೆಲ್ಲ ಇದನ್ನ ಹಾಕ್ಕೊಂಡೇ ಬರ್ಬೇಕು ಅಂತ ಬೋರ್ಡ್ ಬರೆಸ್ತೆ!”

ಶಾಕಿರರು ಎದ್ದು ನಿಂತರು. ಹೆಡ್‌ಫೋನನ್ನು ಕಿತ್ತು ಚೀಲದ ಮೇಲೆ ಎಸೆದರು. ಹುಟ್ಟಿದಾರಭ್ಯ ಇಷ್ಟು ದನಿ ಏರಿಸಿರದ ಮನುಷ್ಯ, ಎದೆಯಲ್ಲಿದ್ದ ಅಷ್ಟೂ ಉಸಿರು ಕೂಡಿಸಿ, ಮಾಡಿನ ಹಂಚು ಅದುರುವಂತೆ ಕೂಗಿದರು.

“ಹಸಿ ಹಿಡಿದದ್ದು ಈ ಪ್ಲಾಸ್ಟಿಕ್ ಅಲ್ಲ! ನನ್ನ ಕಿವಿ! ನನಗೆ ಶಬ್ದ ಆಗೋದಿಲ್ಲ! ಎಲ್ಲಾರೂ ಒಂದು ನಿಮಿಷ ಸುಮ್ಮನಿರ್ರೋ!”

ಯಾರೂ ತಿರುಗಿ ನೋಡಲಿಲ್ಲ. ಹೆಗಡೆಯವರೊಬ್ಬರು ಮಾತ್ರ ಅವರ ಬಾಯಿ ಆಡಿದ್ದನ್ನು ಕಂಡರು. ತಲೆಯ ಮೇಲಿನ ಗುಲಾಬಿ ಕಿವಿ ಸರಿಪಡಿಸಿಕೊಂಡು, ಖುಷಿಯಲ್ಲಿ ಮನೆಯ ಹವ್ಯಕ ಮಾತೇ ಬಾಯಿಗೆ ಬಂದು, ಕೂಗಿದರು.

“ಎಂತ? ದೊಡ್ಡಕ್ಕೆ ಹೇಳಾ ಮಾರಾಯ, ಕೇಳ್ತಿಲ್ಲೆ!”